ಕುಲುಮೆಯ ಬುಡದಲ್ಲಿ ಉದುರುವ ಉಕ್ಕು

ಶಿವಮೊಗ್ಗದಿಂದ ಹೊನ್ನಾಳಿಯತ್ತ ಸಾಗುವ ದಾರಿಯಲ್ಲಿ ಹೊಳಲೂರು ಸಿಗುತ್ತದೆ. ಭತ್ತದ ಗದ್ದೆ, ಅಡಿಕೆ ತೋಟಗಳ ಈ ಸೀಮೆಯಲ್ಲಿ ಮುಂಗಾರು ಹತ್ತಿರವಾದಂತೆ ರೈತರು ಗುಳ, ಗುದ್ದಲಿ, ಕುಡುಗೋಲುಗಳನ್ನು ಹಿಡಿದು ಕಮ್ಮಾರರ ಕುಲುಮೆಯ ಮುಂದೆ ಸರದಿ ಕಾಯುತ್ತಿದ್ದ ಕಾಲವೊಂದಿತ್ತು. ಈಗ ಕುಲುಮೆಗಳು ವಿರಳ. ಆದರೂ ಎಲ್ಲಾದರೂ ಒಂದು ಕಣ್ಣಿಗೆ ಬಿದ್ದರೆ ಮಕ್ಕಳನ್ನು ಕರೆದೊಯ್ದು ತೋರಿಸುವುದು ಒಳ್ಳೆಯದು. ಪಠ್ಯಪುಸ್ತಕದ ಒಂದು ಅಧ್ಯಾಯವೇ ಅಲ್ಲಿ ಕಣ್ಣೆದುರು ನಡೆಯುತ್ತಿರುತ್ತದೆ.

ಕೆಂಪಗೆ ಕಾದ ಗುಳವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದಾಗ ಕಿಡಿಗಳು ಹಾರುತ್ತವೆ. ಜೊತೆಗೇ ಅದರ ಮೈಯಿಂದ ಕಪ್ಪು ಚೂರುಗಳು ಸಿಡಿದು ಕೆಳಗೆ ಬೀಳುತ್ತವೆ. ಸಂಜೆಯ ಹೊತ್ತಿಗೆ ಅಡಿಗಲ್ಲಿನ ಸುತ್ತ ಇಂಥ ಚೂರುಗಳ ಒಂದು ಪದರವೇ ಹರಡಿರುತ್ತದೆ. ನೋಡಿದವರು ಇದ್ದಿಲಿನ ಮಸಿ ಎಂದುಕೊಳ್ಳುವುದುಂಟು. ಆದರೆ ಒಂದು ಅಯಸ್ಕಾಂತವನ್ನು ಅವುಗಳ ಹತ್ತಿರ ಹಿಡಿದರೆ ಗುಟ್ಟು ಬಯಲಾಗುತ್ತದೆ. ಮಸಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಈ ಚೂರುಗಳು ಅಂಟುತ್ತವೆ. ಏಕೆಂದರೆ ಅವು ಸ್ವಲ್ಪ ಹೊತ್ತಿಗೆ ಮುಂಚೆ ಆ ಗುಳದ ಭಾಗವೇ ಆಗಿದ್ದವು.

ಹಳ್ಳಿಯಲ್ಲಿ ಇದನ್ನು ಕಬ್ಬಿಣದ ಕಿಟ್ಟ ಎನ್ನುತ್ತಾರೆ. ಕಾರ್ಖಾನೆಯವರು 'ಸ್ಕೇಲ್' ಎನ್ನುತ್ತಾರೆ. ಹಳೆಯ ಗೋಡೆಯ ಸುಣ್ಣದಂತೆ ಹಕ್ಕಳೆ ಹಕ್ಕಳೆಯಾಗಿ ಏಳುವುದರಿಂದ ಇದನ್ನು ಉಕ್ಕಿನ ಹಕ್ಕಳೆ ಎಂದೂ ಕರೆಯಬಹುದು. ಒಂದು ಕುಡುಗೋಲಿನಿಂದ ಉದುರುವ ಹಕ್ಕಳೆ ಕೆಲವೇ ಗ್ರಾಂ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇದೇ ಕೆಲಸ ಟನ್‌ಗಟ್ಟಲೆ ಉಕ್ಕನ್ನು ಕಾಯಿಸುವ ಕುಲುಮೆಯಲ್ಲಿ ನಡೆದರೆ?

ಬೆಂಕಿಪುರದ ಲೆಕ್ಕ

ಆ ಪ್ರಶ್ನೆಗೆ ಉತ್ತರ ಹುಡುಕಲು ಶಿವಮೊಗ್ಗ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ಭದ್ರಾವತಿ ಇದೆ. ಈ ಊರಿನ ಹಳೆಯ ಹೆಸರು ಬೆಂಕಿಪುರ. ಹೆಸರಿಗೆ ತಕ್ಕಂತೆ 1923ರಲ್ಲಿ ಇಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದರ ಹಿಂದಿದ್ದ ಕನಸು ಸರ್ ಎಂ. ವಿಶ್ವೇಶ್ವರಯ್ಯನವರದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಿಲು, ಇವೆರಡರಿಂದ ಇಲ್ಲಿ ಕಬ್ಬಿಣ ತಯಾರಾಗುತ್ತಿತ್ತು. ಮೂವತ್ತರ ದಶಕದಲ್ಲಿ ಉಕ್ಕಿನ ತಯಾರಿಕೆಯೂ ಸೇರಿಕೊಂಡಿತು. ಮುಂದೆ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರನ್ನೇ ಇಡಲಾಯಿತು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಮಿಶ್ರಲೋಹದ ಉಕ್ಕು, ವಿಶೇಷ ಉಕ್ಕುಗಳಿಗೆ ಈ ಕಾರ್ಖಾನೆ ಹೆಸರಾಯಿತು.

ಉಕ್ಕಿನ ಕಾರ್ಖಾನೆಯಲ್ಲಿ ಉಕ್ಕು ಒಂದೇ ಸಲ ಕಾಯುವುದಿಲ್ಲ. ಕರಗಿದ ಉಕ್ಕನ್ನು ಮೊದಲು ದಪ್ಪ ದಿಮ್ಮಿಗಳಾಗಿ ಎರಕ ಹೊಯ್ಯುತ್ತಾರೆ. ಆ ದಿಮ್ಮಿಗಳನ್ನು ಮತ್ತೆ ಕಾಯಿಸಿ ಉರುಳೆಗಳ ನಡುವೆ ಹಾಯಿಸಿ ಸರಳುಗಳನ್ನಾಗಿ ಮಾಡುತ್ತಾರೆ. ಇಲ್ಲವೇ ಭಾರಿ ಸುತ್ತಿಗೆಗಳ ಕೆಳಗಿಟ್ಟು ಬಡಿದು ಯಂತ್ರಭಾಗಗಳ ಆಕಾರ ಕೊಡುತ್ತಾರೆ. ಹೀಗೆ ಮರುಕಾಯಿಸುವ ಕುಲುಮೆಯ ಕಾವು ಸಾಮಾನ್ಯವಾಗಿ 1150ರಿಂದ 1250 ಡಿಗ್ರಿ ಸೆಲ್ಸಿಯಸ್. ದಿಮ್ಮಿ ಒಳಗಿನವರೆಗೂ ಸಮನಾಗಿ ಕಾಯಲು ಗಂಟೆಗಟ್ಟಲೆ ಬೇಕು. ಹಕ್ಕಳೆ ಏಳುವುದು ಈ ಗಂಟೆಗಳಲ್ಲೇ.

ಮರುಕಾಯಿಸುವ ಕುಲುಮೆಗಳಲ್ಲಿ ಒಳಗೆ ಹಾಕಿದ ಉಕ್ಕಿನ ಶೇಕಡಾ ಒಂದರಿಂದ ಎರಡರಷ್ಟು ಹಕ್ಕಳೆಯಾಗಿ ಹೋಗುವುದು ಸಾಮಾನ್ಯ. ನೂರಕ್ಕೆ ಒಂದೆರಡು ಎಂದರೆ ಅಲ್ಪವೆನಿಸಬಹುದು. ಒಂದು ಮನೆಲೆಕ್ಕ ಮಾಡಿ ನೋಡೋಣ. ದಿನಕ್ಕೆ 100 ಟನ್ ಉಕ್ಕು ಕಾಯಿಸುವ ಒಂದು ಕುಲುಮೆಯಲ್ಲಿ ಶೇಕಡಾ 1.5ರಷ್ಟು ನಷ್ಟವಾಗುತ್ತದೆ ಎಂದುಕೊಳ್ಳಿ. ದಿನಕ್ಕೆ ಒಂದೂವರೆ ಟನ್ ಆಯಿತು. ವರ್ಷಕ್ಕೆ 300 ದಿನ ಕೆಲಸವೆಂದರೆ 450 ಟನ್! ಈ ನಷ್ಟವನ್ನು ಶೇಕಡಾ 1ಕ್ಕೆ ಇಳಿಸಿದರೂ 150 ಟನ್ ಉಕ್ಕು ಉಳಿಯುತ್ತದೆ. ಒಂದು ಟನ್ ಕಬ್ಬಿಣಕ್ಕೆ ಒಂದೂವರೆ ಟನ್‌ಗಿಂತ ಹೆಚ್ಚು ಅದಿರು ಬೇಕು. ಅದನ್ನು ಕರಗಿಸಲು ಇಂಧನ ಬೇಕು. ಭದ್ರಾವತಿಯಲ್ಲಿ ಇದ್ದಿಲಿನ ಕಾಲದಲ್ಲಿ ಆ ಇಂಧನವೆಂದರೆ ಮಲೆನಾಡಿನ ಮರಗಳೇ ಆಗಿದ್ದವು. ಕುಲುಮೆಯ ಬುಡದಲ್ಲಿ ಉದುರಿದ ಕಪ್ಪು ಚೂರಿನಲ್ಲಿ ಗುಡ್ಡದ ಮಣ್ಣೂ ಇತ್ತು, ಕಾಡಿನ ಮರವೂ ಇತ್ತು, ಕಾರ್ಮಿಕರ ಬೆವರೂ ಇತ್ತು.

ಹಕ್ಕಳೆ ಹುಟ್ಟುವ ಬಗೆ

ಕಬ್ಬಿಣಕ್ಕೂ ಆಮ್ಲಜನಕಕ್ಕೂ ಬಹಳ ನಂಟು. ಮಳೆಗಾಲದಲ್ಲಿ ಬಾಗಿಲ ಚಿಲಕಕ್ಕೆ ತುಕ್ಕು ಹಿಡಿಯುವುದು ಆ ನಂಟಿನ ನಿಧಾನ ರೂಪ; ಅದಕ್ಕೆ ನೀರಿನ ನೆರವು ಬೇಕು. ಕುಲುಮೆಯಲ್ಲಿ ಆಗುವುದು ಅದರ ಅವಸರದ ರೂಪ. ಅಲ್ಲಿ ನೀರಿನ ಹಂಗಿಲ್ಲ, ಕಾವೇ ಸಾಕು.

ಒಡೆದ ಒಂದು ಹಕ್ಕಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂರು ಪದರಗಳು ಕಾಣುತ್ತವೆ. ಗಾಳಿಗೆ ತಾಗಿರುವ ತೀರ ತೆಳುವಾದ ಹೊರಪದರ ಹೆಮಟೈಟ್. ಅದರ ಕೆಳಗೆ ಮ್ಯಾಗ್ನೆಟೈಟ್. ಉಕ್ಕಿಗೆ ಅಂಟಿಕೊಂಡಿರುವ ದಪ್ಪನೆಯ ಒಳಪದರ ವುಸ್ಟೈಟ್. ಮೂರೂ ಕಬ್ಬಿಣದ ಆಕ್ಸೈಡ್‌ಗಳೇ. ಹೊರಗಿನಿಂದ ಒಳಕ್ಕೆ ಹೋದಂತೆ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ. ಹೆಚ್ಚು ಕಾವಿನಲ್ಲಿ ಹುಟ್ಟಿದ ಹಕ್ಕಳೆಯ ದಪ್ಪದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ವುಸ್ಟೈಟ್‌ನದೇ. ಇದು ಹುಟ್ಟುವುದು ಸುಮಾರು 570 ಡಿಗ್ರಿ ದಾಟಿದ ಮೇಲೆ. ಆದ್ದರಿಂದಲೇ ಉಕ್ಕು ಕೆಂಪಾಗತೊಡಗಿದ ಬಳಿಕ ಹಕ್ಕಳೆಯ ಬೆಳವಣಿಗೆಗೆ ವೇಗ ಬರುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಮೈಮೇಲೆ ಒಂದು ಪದರ ಮುಚ್ಚಿಕೊಂಡ ಮೇಲೆ ಒಳಗಿನ ಉಕ್ಕಿಗೆ ರಕ್ಷಣೆ ಸಿಗಬೇಕಲ್ಲವೇ? ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಗೆಯೇ ಆಗುತ್ತದೆ. ಆದರೆ ವುಸ್ಟೈಟ್‌ನ ರಚನೆಯಲ್ಲಿ ಕಬ್ಬಿಣ ಇರಬೇಕಾದ ಅನೇಕ ಜಾಗಗಳು ಖಾಲಿ ಇರುತ್ತವೆ. ಸಿನಿಮಾ ಮಂದಿರದಲ್ಲಿ ಅಲ್ಲಲ್ಲಿ ಕುರ್ಚಿಗಳು ಖಾಲಿ ಇದ್ದರೆ ಹಿಂದೆ ಕುಳಿತವರು ಒಂದೊಂದೇ ಕುರ್ಚಿ ಬದಲಿಸುತ್ತ ಮುಂದಕ್ಕೆ ಬರಬಹುದು. ಹಾಗೆಯೇ ಒಳಗಿನ ಕಬ್ಬಿಣದ ಅಯಾನುಗಳು ಖಾಲಿ ಜಾಗಗಳನ್ನು ಹಿಡಿಯುತ್ತ ಹೊರಕ್ಕೆ ಸಾಗಿ ಆಮ್ಲಜನಕವನ್ನು ಕೂಡಿಕೊಳ್ಳುತ್ತವೆ. ಅಂದರೆ ಗಾಳಿ ಒಳಗೆ ನುಗ್ಗುವುದಕ್ಕಿಂತ ಹೆಚ್ಚಾಗಿ ಉಕ್ಕೇ ಹೊರಗೆ ಹರಿದು ಬರುತ್ತದೆ!

ಕಾವು, ಹೊತ್ತು, ಗಾಳಿ

ಹಕ್ಕಳೆಯ ಬೆಳವಣಿಗೆಯನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು ಕಾವು. 1100 ಡಿಗ್ರಿಯಿಂದ 1200 ಡಿಗ್ರಿಗೆ ಏರಿದರೆ, ಅಷ್ಟೇ ಹೊತ್ತಿನಲ್ಲಿ ಬೆಳೆಯುವ ಹಕ್ಕಳೆಯ ದಪ್ಪ ಸುಮಾರು ಒಂದೂವರೆ ಪಟ್ಟು ಅಥವಾ ಅದಕ್ಕಿಂತಲೂ ಹೆಚ್ಚಾಗುತ್ತದೆ.

ಎರಡನೆಯದು ಹೊತ್ತು. ಪದರ ದಪ್ಪವಾದಂತೆ ಕಬ್ಬಿಣ ಸಾಗಬೇಕಾದ ದಾರಿ ಉದ್ದವಾಗುವುದರಿಂದ ಬೆಳವಣಿಗೆ ನಿಧಾನವಾಗುತ್ತದೆ. ಮೊದಲ ಒಂದು ಗಂಟೆಯಲ್ಲಿ ಒಂದು ಮಿಲಿಮೀಟರ್ ಬೆಳೆದರೆ ಎರಡು ಮಿಲಿಮೀಟರ್ ಆಗಲು ಎರಡು ಗಂಟೆ ಸಾಲದು, ನಾಲ್ಕು ಗಂಟೆ ಬೇಕು. ಗಣಿತ ಓದುವವರಿಗೆ ಇದು ವರ್ಗಮೂಲದ ಲೆಕ್ಕವೆಂದು ಹೊಳೆಯುತ್ತದೆ. ಆದರೆ ನಡುವೆ ಹಕ್ಕಳೆ ಬಿರುಕುಬಿಟ್ಟು ಉದುರಿದರೆ ಹೊಸ ಮೈ ಗಾಳಿಗೆ ತೆರೆದುಕೊಂಡು ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮೂರನೆಯದು ಗಾಳಿ. ಸುತ್ತಲಿನ ಅನಿಲದಲ್ಲಿ ಉರಿಗೆ ಬಳಕೆಯಾಗದೆ ಉಳಿದ ಆಮ್ಲಜನಕ ಎಷ್ಟಿದೆ ಎಂಬುದು ಮುಖ್ಯ. ಆಮ್ಲಜನಕವೊಂದೇ ಅಪರಾಧಿಯಲ್ಲ. ಎಣ್ಣೆ ಅಥವಾ ಅನಿಲ ಉರಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಕೂಡ ಕೆಂಪಗೆ ಕಾದ ಉಕ್ಕಿಗೆ ಆಮ್ಲಜನಕವನ್ನು ಒದಗಿಸಬಲ್ಲವು. ಹೀಗಾಗಿ ಇಂಧನ ಉರಿಸುವ ಕುಲುಮೆಯಲ್ಲಿ ಹಕ್ಕಳೆಯನ್ನು ಪೂರ್ಣವಾಗಿ ಇಲ್ಲವಾಗಿಸುವುದು ಕಷ್ಟ. ಕಡಿಮೆ ಮಾಡುವುದು ಮಾತ್ರ ಖಂಡಿತ ಸಾಧ್ಯ.

ತೂಕಕ್ಕಿಂತ ದೊಡ್ಡ ನಷ್ಟ

ಹಕ್ಕಳೆಯಿಂದ ಆಗುವುದು ತೂಕದ ನಷ್ಟ ಮಾತ್ರವಲ್ಲ. ಉರುಳೆಗಳ ಕೆಳಗೆ ಸಿಕ್ಕ ಹಕ್ಕಳೆ ಬಿಸಿ ಉಕ್ಕಿನ ಮೈಯೊಳಗೆ ಒತ್ತಿಕೊಂಡು ಕುಳಿ, ಗೀರು ಮೂಡಿಸುತ್ತದೆ. ಗಟ್ಟಿಯಾದ ಈ ಚೂರುಗಳು ಅಚ್ಚುಗಳನ್ನೂ ಉರುಳೆಗಳನ್ನೂ ಸವೆಸುತ್ತವೆ. ಕುಲುಮೆಯ ನೆಲಕ್ಕೆ ಬಿದ್ದ ಹಕ್ಕಳೆ ಇಟ್ಟಿಗೆಯಲ್ಲಿರುವ ಸಿಲಿಕಾ ಜೊತೆ ಸೇರಿ 1200 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ನೆಲವನ್ನು ತಿನ್ನತೊಡಗುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದೇ ಇಲ್ಲ. ಉಕ್ಕಿಗೆ ಗಡಸುತನ ಬರುವುದು ಅದರಲ್ಲಿರುವ ಅಲ್ಪ ಪ್ರಮಾಣದ ಇಂಗಾಲದಿಂದ. ಹೆಚ್ಚು ಕಾವಿನಲ್ಲಿ ಮೇಲ್ಮೈಯ ಇಂಗಾಲವೂ ಉರಿದು ಅನಿಲವಾಗಿ ಹೊರಟುಹೋಗುತ್ತದೆ. ಹಕ್ಕಳೆ ಕೆರೆದು ತೆಗೆದ ಮೇಲೆ ಮೈ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೊರಚರ್ಮ ಮೆತ್ತಗಾಗಿರುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿ, ರೈಲಿನ ಗಾಲಿಗಳ ಅಚ್ಚು, ಎಂಜಿನ್ನಿನ ಬೋಲ್ಟು ಇವೆಲ್ಲ ಲಕ್ಷಾಂತರ ಸಲ ಬಾಗಿ, ತಿರುಗಿ ದುಡಿಯುವ ವಸ್ತುಗಳು. ಅವುಗಳಲ್ಲಿ ಬಿರುಕು ಸಾಮಾನ್ಯವಾಗಿ ಮೇಲ್ಮೈಯಿಂದಲೇ ಶುರುವಾಗುತ್ತದೆ. ಕುಲುಮೆಯ ಮುಂದೆ ನಿಂತವರ ಒಂದು ಗಂಟೆಯ ಅಜಾಗ್ರತೆ ಎಲ್ಲೋ ದೂರದ ಹಾದಿಯಲ್ಲಿ ಯಾರದೋ ಜೀವಕ್ಕೆ ಎರವಾಗಬಹುದು.

ತಡೆಯುವ ದಾರಿಗಳು

ಹಕ್ಕಳೆ ತಡೆಯುವ ಎಲ್ಲ ಉಪಾಯಗಳೂ ಆ ಮೂರು ಸಂಗತಿಗಳನ್ನೇ ಹಿಡಿತಕ್ಕೆ ತರುವ ದಾರಿಗಳು. ಅವುಗಳಲ್ಲಿ ಕೆಲವಕ್ಕೆ ಹಣವೇ ಬೇಕಾಗಿಲ್ಲ, ಗಮನವಿದ್ದರೆ ಸಾಕು.

ಮೊದಲ ನಿಯಮ, ಬೇಕಾದಷ್ಟೇ ಕಾಯಿಸುವುದು. ಉರುಳೆಯಲ್ಲೋ ಸುತ್ತಿಗೆಯಲ್ಲೋ ಏನೋ ತೊಂದರೆಯಾಗಿ ಕೆಲಸ ನಿಂತಾಗ ಒಳಗಿನ ದಿಮ್ಮಿಗಳನ್ನು ಪೂರ್ಣ ಕಾವಿನಲ್ಲಿ ಇಟ್ಟುಕೊಂಡು ಕಾಯುವುದು ದೊಡ್ಡ ತಪ್ಪು. ತಡವಾಗುವುದು ಖಚಿತವಾದ ಕೂಡಲೇ ಉರಿಯನ್ನು ತಗ್ಗಿಸಬೇಕು. ದಿಮ್ಮಿಯನ್ನು ಕಡಿಮೆ ಕಾವಿನಲ್ಲಿ ನಿಧಾನವಾಗಿ ಬಿಸಿ ಮಾಡಿ, ಕೊನೆಯ ಹೆಚ್ಚು ಕಾವಿನ ಹಂತವನ್ನು ಬೇಗ ಮುಗಿಸುವುದು ಜಾಣತನ.

ಎರಡನೆಯದು, ಇಂಧನಕ್ಕೆ ತಕ್ಕ ಗಾಳಿ. ಗಾಳಿ ಕಡಿಮೆಯಾದರೆ ಹೊಗೆ ಏಳುತ್ತದೆ, ಇಂಧನ ವ್ಯರ್ಥ, ವಿಷಾನಿಲದ ಭಯವೂ ಉಂಟು. ಹೆಚ್ಚಾದರೆ ಉಳಿದ ಆಮ್ಲಜನಕ ಉಕ್ಕಿನ ಮೇಲೆ ಬೀಳುತ್ತದೆ. ಜೊತೆಗೆ ಕಾವೂ ಚಿಮಣಿಯಲ್ಲಿ ಹೊರಹೋಗುತ್ತದೆ. ಎಣ್ಣೆ ಅಥವಾ ಅನಿಲದ ಕುಲುಮೆಯಲ್ಲಿ ಅಗತ್ಯಕ್ಕಿಂತ ಶೇಕಡಾ ಹತ್ತರಷ್ಟು ಗಾಳಿ ಹೆಚ್ಚಿದ್ದರೆ ಸಾಕೆಂಬುದು ಸಾಮಾನ್ಯ ರೂಢಿ. ಚಿಮಣಿಗೆ ಹೋಗುವ ಅನಿಲದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಳೆಯುವ ಉಪಕರಣ ಇದ್ದರೆ ಇಂಧನ ಮತ್ತು ಉಕ್ಕು ಎರಡೂ ಉಳಿಯುತ್ತವೆ.

ಮೂರನೆಯದು, ಕಳ್ಳಗಾಳಿಯನ್ನು ತಡೆಯುವುದು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ಇಟ್ಟಿಗೆಗಳ ಸಂದು ಬಿಟ್ಟಿದ್ದರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಆದ್ದರಿಂದ ಕುಲುಮೆಯೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿಡುತ್ತಾರೆ. ಬಾಗಿಲ ಸಂದಿನಲ್ಲಿ ಜ್ವಾಲೆಯ ತುದಿ ಹೊರಗೆ ಇಣುಕುತ್ತಿದ್ದರೆ ಸರಿ. ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಕಳ್ಳಗಾಳಿ ನುಗ್ಗುತ್ತಿದೆ ಎಂದರ್ಥ.

ನಾಲ್ಕನೆಯದು, ಕಾಯಿಸುವ ವಿಧಾನವನ್ನೇ ಬದಲಿಸುವುದು. ವಿದ್ಯುತ್ ಸುರುಳಿಯ ನಡುವೆ ಉಕ್ಕಿನ ತುಂಡನ್ನಿಟ್ಟು ಅದರ ಒಡಲಲ್ಲೇ ಕಾವು ಹುಟ್ಟಿಸುವ ಇಂಡಕ್ಷನ್ ವಿಧಾನದಲ್ಲಿ ಸಣ್ಣ ತುಂಡುಗಳು ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುತ್ತವೆ. ಹೊತ್ತು ಕಡಿಮೆಯಾದ್ದರಿಂದ ಹಕ್ಕಳೆಯೂ ಕಡಿಮೆ. ನಯಗೊಳಿಸಿದ ಗೇರು, ಅಚ್ಚುಗಳಿಗೆ ಹದ ಕೊಡುವಾಗ ಒಂದಿಷ್ಟೂ ಹಕ್ಕಳೆ ಏಳಬಾರದು. ಅಲ್ಲಿ ಕುಲುಮೆಯೊಳಗೆ ಗಾಳಿಯ ಬದಲು ನೈಟ್ರೋಜನ್, ಆರ್ಗಾನ್‌ನಂಥ ಅನಿಲ ತುಂಬುತ್ತಾರೆ. ಇಲ್ಲವೇ ನಿರ್ವಾತ ಮಾಡುತ್ತಾರೆ. ಕೆಲವೆಡೆ ಕರಗಿದ ಲವಣದಲ್ಲಿ ಮುಳುಗಿಸಿ ಕಾಯಿಸುತ್ತಾರೆ.

ಇಷ್ಟೆಲ್ಲ ಸೌಕರ್ಯವಿಲ್ಲದ ಸಣ್ಣ ಕಾರ್ಖಾನೆಗೂ ದಾರಿಯಿದೆ. ತುಂಡಿನ ಮೈಗೆ ಗಾಜು ಅಥವಾ ಪಿಂಗಾಣಿ ಜಾತಿಯ ಪುಡಿಯ ಲೇಪನ ಬಳಿದರೆ ಅದು ಕಾವಿನಲ್ಲಿ ಮೆತ್ತಗಾಗಿ ಉಕ್ಕನ್ನು ಮುಚ್ಚಿಕೊಳ್ಳುತ್ತದೆ. ಬಿಡಿಭಾಗಗಳನ್ನು ತೆಳುವಾದ ಸ್ಟೇನ್‌ಲೆಸ್ ಹಾಳೆಯಲ್ಲಿ ಸುತ್ತಬಹುದು. ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಡುಕಬ್ಬಿಣದ ತುರಿಯ ನಡುವೆ ಹೂತು, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ ಕಾಯಿಸಬಹುದು. ಆಗ ಒಳಗಿದ್ದ ಅಲ್ಪ ಆಮ್ಲಜನಕವನ್ನು ತುರಿಯೇ ಕಬಳಿಸಿ ಒಳಗಿನ ವಸ್ತು ಉಳಿದುಕೊಳ್ಳುತ್ತದೆ.

ಉಕ್ಕಿನ ಗುಣವನ್ನೇ ತಿದ್ದುವುದು ಇನ್ನೊಂದು ಉಪಾಯ. ಕ್ರೋಮಿಯಂ ಸಾಕಷ್ಟು ಬೆರೆತ ಉಕ್ಕಿನ ಮೈಮೇಲೆ ತೆಳುವಾದರೂ ದಟ್ಟವಾದ ಕ್ರೋಮಿಯಂ ಆಕ್ಸೈಡ್ ಪದರ ಮೂಡುತ್ತದೆ. ಅಲ್ಲಿ ಖಾಲಿ ಕುರ್ಚಿಗಳು ಬಹಳ ವಿರಳ! ಅಡಿಗೆಮನೆಯ ಸ್ಟೀಲ್ ಪಾತ್ರೆಯ ಗುಟ್ಟೂ ಅದೇ. ಆದರೆ ಕ್ರೋಮಿಯಂ ದುಬಾರಿಯಾದ್ದರಿಂದ ಎಲ್ಲ ಉಕ್ಕಿಗೂ ಬೆರೆಸಲಾಗದು.

ಮೂಡಿದ ಹಕ್ಕಳೆಯನ್ನು ಭಾರಿ ಒತ್ತಡದ ನೀರು ಚಿಮ್ಮಿಸಿ ಕಿತ್ತುಹಾಕಬಹುದು, ಆಮ್ಲದಲ್ಲಿ ತೊಳೆಯಬಹುದು. ಒಟ್ಟುಗೂಡಿದ ಹಕ್ಕಳೆ ಅದಿರಿನೊಡನೆ ಸೇರಿ ಮತ್ತೆ ಕಬ್ಬಿಣವಾಗಲೂಬಹುದು. ಸಿಮೆಂಟ್ ಕಾರ್ಖಾನೆಗೂ ಅದು ಬೇಕು. ಆದರೆ ಒಮ್ಮೆ ಮಾಡಿದ ಉಕ್ಕನ್ನು ಅದಿರಾಗಿಸಿ ಮತ್ತೆ ಉಕ್ಕು ಮಾಡುವುದೆಂದರೆ ಅನ್ನವನ್ನು ಚೆಲ್ಲಿ ಮತ್ತೆ ಭತ್ತ ನಾಟಿ ಮಾಡಿದಂತೆ.

ಕಮ್ಮಾರರಿಗೆ ಗೊತ್ತಿದ್ದ ವಿದ್ಯೆ

ಇಷ್ಟು ಓದಿದ ಮೇಲೆ ಮತ್ತೆ ಹಳ್ಳಿಯ ಕುಲುಮೆಗೆ ಹೋದರೆ ಅಲ್ಲಿನ ಕೆಲಸ ಬೇರೆಯಾಗಿಯೇ ಕಾಣುತ್ತದೆ. ನುರಿತ ಕಮ್ಮಾರರು ಗುಳವನ್ನು ತಿದಿಯ ಗಾಳಿ ಬರುವ ಬಾಯಿಗೆ ನೇರವಾಗಿ ಒಡ್ಡುವುದಿಲ್ಲ. ಇದ್ದಿಲನ್ನು ಎತ್ತರವಾಗಿ ಒಟ್ಟಿ ನಡುವೆ ಹೂತಿಡುತ್ತಾರೆ. ತಿದಿಯಿಂದ ಬಂದ ಆಮ್ಲಜನಕವನ್ನು ಕೆಳಗಿನ ಕೆಂಡವೇ ಮೊದಲು ಕುಡಿದುಬಿಡುತ್ತದೆ. ಉಕ್ಕಿನ ಪಾಲಿಗೆ ಉಳಿಯುವುದು ಅಲ್ಪ. ಬಣ್ಣ ನೋಡಿ ಕಾವು ತಿಳಿದು, ಬೇಕಾದ ಕೆಂಪು ಬಂದ ಕ್ಷಣವೇ ಹೊರಗೆಳೆಯುತ್ತಾರೆ. ಕಾವು, ಹೊತ್ತು, ಗಾಳಿ ಮೂರೂ ಅಲ್ಲಿ ಹಿಡಿತದಲ್ಲಿವೆ.

ಎರಡು ತುಂಡುಗಳನ್ನು ಬಡಿದು ಬೆಸೆಯುವಾಗ ಮೇಲೆ ಚಿಮುಕಿಸುವ ಮರಳು ಅಥವಾ ಬಿಳಿಗಾರವೂ ಹಾಗೆಯೇ. ಮರಳೆಂದರೆ ಸಿಲಿಕಾ. ಕುಲುಮೆಯ ನೆಲವನ್ನು ಹಾಳುಮಾಡುವ ಅದೇ ಕ್ರಿಯೆ ಇಲ್ಲಿ ಉಪಕಾರಿ. ಹಕ್ಕಳೆ ಮರಳಿನೊಡನೆ ಕರಗಿ ದ್ರವವಾಗಿ, ಸುತ್ತಿಗೆಯ ಏಟಿಗೆ ಹೊರಚಿಮ್ಮಿ, ಶುದ್ಧವಾದ ಎರಡು ಮೈಗಳು ಒಂದಾಗುತ್ತವೆ.

ಗಾಳಿಯನ್ನು ಹೊರಗಿಡುವ ಈ ಜಾಣ್ಮೆ ಕನ್ನಡನಾಡಿಗೆ ಹೊಸದಲ್ಲ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುತ್ತಿದ್ದುದನ್ನು ದಾಖಲಿಸಿದ್ದಾನೆ. ಕಬ್ಬಿಣದ ತುಂಡಿನ ಜೊತೆ ಕಟ್ಟಿಗೆ, ಎಲೆಗಳನ್ನಿಟ್ಟು ಮೂಸೆಯ ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಕಾಯಿಸುತ್ತಿದ್ದರು. ಆ ಮಣ್ಣಿನ ಮುಚ್ಚಳ ಮಾಡುತ್ತಿದ್ದ ಕೆಲಸವನ್ನೇ ಇಂದು ನೈಟ್ರೋಜನ್ ತುಂಬಿದ ಕುಲುಮೆ ಮಾಡುತ್ತದೆ.

ಶಾಲೆಯಲ್ಲೇ ಒಂದು ಪ್ರಯೋಗ

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ, ಶಿಕ್ಷಕರ ಎದುರಿನಲ್ಲೇ, ಇದನ್ನು ಪರೀಕ್ಷಿಸಬಹುದು. ನುಣುಪಾದ ಉಕ್ಕಿನ ನೂಲನ್ನು ತೂಗಿ, ಇಕ್ಕಳದಲ್ಲಿ ಹಿಡಿದು, ಕೆಳಗೊಂದು ಲೋಹದ ತಟ್ಟೆಯಿಟ್ಟು ಜ್ವಾಲೆಗೆ ಒಡ್ಡಿ. ಅದು ಕಿಡಿಕಿಡಿಯಾಗಿ ಉರಿಯುತ್ತದೆ. ತಣಿದ ಮೇಲೆ ತಟ್ಟೆಗೆ ಬಿದ್ದ ಚೂರುಗಳನ್ನೂ ಸೇರಿಸಿ ತೂಗಿದರೆ ತೂಕ ಮೊದಲಿಗಿಂತ ಹೆಚ್ಚಾಗಿರುತ್ತದೆ. ಕಟ್ಟಿಗೆ ಸುಟ್ಟರೆ ಬೂದಿ ಹಗುರ, ಕಬ್ಬಿಣ ಸುಟ್ಟರೆ ಭಾರ! ಹೆಚ್ಚಿದ ತೂಕ ಗಾಳಿಯಿಂದ ಬಂದ ಆಮ್ಲಜನಕದ್ದು.

ಇನ್ನೊಂದು ಉಕ್ಕಿನ ಮೊಳೆಯನ್ನು ಉಜ್ಜಿ ಹೊಳಪು ಮಾಡಿ ಒಂದು ತುದಿಯನ್ನು ನಿಧಾನವಾಗಿ ಕಾಯಿಸಿದರೆ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಬಣ್ಣಗಳು ಸಾಲಾಗಿ ಮೂಡುತ್ತವೆ. ಹಳದಿ ಸುಮಾರು 220–230 ಡಿಗ್ರಿಯಲ್ಲಿ, ನೀಲಿ 300 ಡಿಗ್ರಿಯ ಹತ್ತಿರ. ಇವು ಹಕ್ಕಳೆಯ ಎಳೆಯ ಅವಸ್ಥೆ. ಕೂದಲಿಗಿಂತ ಎಷ್ಟೋ ತೆಳುವಾದ ಆಕ್ಸೈಡ್ ಪದರದ ಮೇಲೆ ಬೆಳಕು ಆಡುವ ಆಟ ಅದು.

ಭದ್ರಾವತಿಯ ಕಾರ್ಖಾನೆ ತನ್ನ ನೂರನೆಯ ವರ್ಷದಲ್ಲಿ ಕಷ್ಟವನ್ನು ಕಂಡಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಪ್ರತಿಭಟನೆಗಿಳಿದರು; ಊರು ಅವರ ಜೊತೆ ನಿಂತಿತು. ಅದೇ ವರ್ಷ, ಬೇರೆಡೆಯಿಂದ ತರಿಸಿದ ಉಕ್ಕಿನ ದಿಮ್ಮಿಗಳನ್ನು ಕಾಯಿಸಿ ಉರುಳಿಸುವ ಕೆಲಸ ಮತ್ತೆ ಆರಂಭವಾಯಿತು. ಒಂದು ಕಾರ್ಖಾನೆಯ ಅಳಿವು ಉಳಿವನ್ನು ಹಕ್ಕಳೆಯೊಂದೇ ನಿರ್ಧರಿಸುವುದಿಲ್ಲ ನಿಜ. ಆದರೆ ಕೊಂಡುತಂದ ಉಕ್ಕನ್ನು ಕಾಯಿಸುವ ಕಡೆ ನೂರಕ್ಕೆ ಅರ್ಧ ಪಾಲು ಉಳಿದರೂ ಅದು ದುಡಿಮೆಯೇ.

ಶಿವಮೊಗ್ಗ, ಭದ್ರಾವತಿಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ನಾಳೆ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಈ ಸೀಮೆಯ ಶಾಲೆಗಳಲ್ಲೇ ಇಂದು ಓದುತ್ತಿದ್ದಾರೆ. ಆಕ್ಸಿಡೀಕರಣ ಎಂಬ ಪಾಠವನ್ನು ಅವರು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತಾರೆ. ಕುಲುಮೆಯ ಬಾಗಿಲ ಸಂದಿನಲ್ಲಿ ಜ್ವಾಲೆ ಒಳಕ್ಕೆ ಎಳೆದುಕೊಳ್ಳುತ್ತಿರುವುದನ್ನು ಕಂಡು, "ಗಾಳಿ ನುಗ್ಗುತ್ತಿದೆ, ಸರಿಪಡಿಸಬೇಕು" ಎಂದು ಅವರಲ್ಲಿ ಒಬ್ಬರು ಹೇಳಬಲ್ಲವರಾದರೆ ಆ ಪಾಠ ಸಾರ್ಥಕ. ಮುಂದಿನ ಸಲ ಯಾವುದಾದರೂ ಕುಲುಮೆಯ ಮುಂದೆ ಹಾಯುವಾಗ ಮಕ್ಕಳ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವಿರಲಿ.